ಹೊಲ ಖಾಲಿಯಿದ್ದಾಗ ತೆರೆಯುವ ಶಾಲೆ

ಯುಗಾದಿ ಕಳೆದು ಅಶ್ವಿನಿ ಮಳೆ ಹುಟ್ಟುವ ಹೊತ್ತಿಗೆ ಚಿತ್ರದುರ್ಗದ ಸೀಮೆಗೆ ಹೊಲ ನೋಡಲೆಂದು ಯಾರೂ ಹೋಗುವುದಿಲ್ಲ. ನೋಡುವುದಕ್ಕೆ ಏನಿರುತ್ತದೆ? ಶೇಂಗಾ ಕಿತ್ತು ತಿಂಗಳುಗಟ್ಟಲೆ ಬಿಸಿಲುಂಡ ಕೆಮ್ಮಣ್ಣು, ಮೆಕ್ಕೆಜೋಳದ ಕೂಳೆ, ಬದುವಿನ ಮೇಲೆ ಹೂ ಉದುರಿಸುತ್ತಿರುವ ಹೊಂಗೆ, ದೂರದ ಗುಡ್ಡದ ಸಾಲಿನಲ್ಲಿ ತಿರುಗುವ ಗಾಳಿಯಂತ್ರ. ಹುಣಸೆ ಬಡಿದು ಮುಗಿದಿರುತ್ತದೆ, ಬೇವು ಹೂ ಬಿಟ್ಟಿರುತ್ತದೆ. ಮಧ್ಯಾಹ್ನ ಹನ್ನೆರಡರ ಮೇಲೆ ಹೊಲದ ಕಡೆ ತಲೆ ಹಾಕಿದವರು ಇಲ್ಲ.

ಆದರೆ ಬೇಸಾಯವನ್ನು ಕಲಿಸುವುದನ್ನೂ ಕಲಿಯುವುದನ್ನೂ ನೋಡಬೇಕೆಂದರೆ ಇದೇ ಸರಿಯಾದ ಕಾಲ. ಬಿತ್ತನೆ ಶುರುವಾದ ಮೇಲೆ ರೈತನಿಗೆ ಯಾರ ಮಾತಿಗೂ ಕಿವಿಗೊಡುವ ಪುರುಸೊತ್ತಿಲ್ಲ. ಒಕ್ಕಣೆ ಮುಗಿದ ಮೇಲೆ ಕೇಳಿ ಫಲವಿಲ್ಲ. ಅಶ್ವಿನಿ, ಭರಣಿ, ಕೃತ್ತಿಕೆ ದಾಟಿ ರೋಹಿಣಿ ಬರುವವರೆಗಿನ ಆರು ವಾರಗಳಲ್ಲಿ ಮಣ್ಣು ಪರೀಕ್ಷೆಗೆ ಹೋಗಬೇಕು, ಬೀಜ ಆರಿಸಬೇಕು, ಗೊಬ್ಬರ ಹೊಡೆಯಬೇಕು, ಗುಣಿ ತೆಗೆಯಬೇಕು. ಆ ವರ್ಷದ ದೊಡ್ಡ ತೀರ್ಮಾನಗಳೆಲ್ಲ ಹೊಲ ಬರಿದಾಗಿರುವಾಗಲೇ ಆಗಿಬಿಡುತ್ತವೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ: ಈ ನಾಲ್ಕು ತಾಲ್ಲೂಕುಗಳ ದಾರಿಯಲ್ಲಿ ಅಲ್ಲಲ್ಲಿ ನಿಂತು ಈ ಪಾಠಗಳನ್ನು ನೋಡುತ್ತ ಹೋದೆ. ಹೋದಂತೆಲ್ಲ ಒಂದು ಪ್ರಶ್ನೆ ಗಟ್ಟಿಯಾಗುತ್ತ ಬಂತು. ಈ ನೆಲಕ್ಕೆ ಬೇಸಾಯ ಕಲಿಸಿದ್ದು ಬರ. ಈಗ ನಾಲೆಯಲ್ಲಿ, ಕೆರೆಯಲ್ಲಿ ನೀರು ಬಂದಿದೆ. ಬರ ಕಲಿಸಿದ್ದನ್ನು ನೀರು ಬಂದ ಮೇಲೆ ನೆನಪಿಸುವವರು ಯಾರು?

ಕೋಟೆಯೊಳಗಿನ ಲೆಕ್ಕ

ಚಿತ್ರದುರ್ಗದ ಕೋಟೆಗೆ ಬರುವವರು ಒನಕೆ ಓಬವ್ವನ ಕಿಂಡಿ ಹುಡುಕಿಕೊಂಡು ಹೋಗುತ್ತಾರೆ. ಬೇಸಾಯದ ಕಣ್ಣಿನವರು ಗೋಪಾಲಸ್ವಾಮಿ ಹೊಂಡದ ದಂಡೆಯಲ್ಲಿ ಸ್ವಲ್ಪ ಹೊತ್ತು ಕೂರಬೇಕು. ಬಂಡೆಗಳ ಮೇಲೆ ಬಿದ್ದ ಮಳೆ ಇಲ್ಲಿಗೆ ಇಳಿಯುತ್ತದೆ. ಇದು ತುಂಬಿದರೆ ಹೆಚ್ಚಿನ ನೀರು ಅಕ್ಕ-ತಂಗಿ ಹೊಂಡಕ್ಕೆ. ಅಲ್ಲಿಂದ ಕೋಟೆಯ ಹೊರಗಿನ ಸಿಹಿನೀರು ಹೊಂಡಕ್ಕೆ. ಅದೂ ತುಂಬಿದರೆ ಪೇಟೆಯ ಸಂತೆಹೊಂಡಕ್ಕೆ. ಪಾಳೆಯಗಾರರ ಕಾಲದ ಜನ ನೀರನ್ನು ಒಂದೇ ಕಡೆ ಕೂಡಿಹಾಕದೆ ಮೇಲಿನಿಂದ ಕೆಳಕ್ಕೆ ಪಾಲು ಮಾಡಿದ್ದರು. ಮೇಲಿನ ಹೊಂಡ ತುಂಬುವ ತನಕ ಕೆಳಗಿನದಕ್ಕೆ ನೀರಿಲ್ಲ, ತುಂಬಿದ ಮೇಲೆ ಮೇಲಿನದು ತಡೆದು ಇಟ್ಟುಕೊಳ್ಳುವಂತೆಯೂ ಇಲ್ಲ.

ಕೋಟೆಯಿಂದ ಇಳಿದು ಭರಮಸಾಗರದ ಕಡೆ ಹೋದರೆ ಚಿತ್ರ ಬೇರೆ. ಸಿರಿಗೆರೆ, ಭರಮಸಾಗರ ಭಾಗದ ಕೆರೆಗಳಿಗೆ ಕೆಲವು ವರ್ಷಗಳಿಂದ ತುಂಗಭದ್ರೆಯ ನೀರು ಏತದ ಮೂಲಕ ಬರುತ್ತಿದೆ. ಸಿರಿಗೆರೆಯ ತರಳಬಾಳು ಮಠ ಇದರ ಹಿಂದೆ ಬಿದ್ದು ಕೆಲಸ ಮಾಡಿಸಿದ್ದು ಜಿಲ್ಲೆಗೆಲ್ಲ ಗೊತ್ತು. ಮಳೆ ನಂಬಿ ಈರುಳ್ಳಿ, ಮೆಕ್ಕೆಜೋಳ ಹಾಕುತ್ತಿದ್ದ ಹೊಲಗಳ ನಡುವೆ ಈಗ ಅಡಿಕೆ ಸಸಿಯ ಸಾಲುಗಳು ಕಾಣುತ್ತವೆ.

ಈ ಭಾಗದ ಈರುಳ್ಳಿಯದೇ ಒಂದು ಕಥೆ. ಬೇರೆ ಕಡೆ ಮಡಿಯಲ್ಲಿ ಸಸಿ ಮಾಡಿ ನಾಟಿ ಹಾಕಿದರೆ, ಇಲ್ಲಿ ಹೆಚ್ಚಿನವರು ಮುಂಗಾರಿನಲ್ಲಿ ನೇರವಾಗಿ ಬೀಜ ಬಿತ್ತುತ್ತಾರೆ. ಮಳೆ ಹದವಾಗಿ ಬಂದರೆ ಲಾರಿಗಟ್ಟಲೆ ಬೆಂಗಳೂರಿನ ಮಾರುಕಟ್ಟೆಗೆ. ಜಡಿಮಳೆ ಹಿಡಿದರೆ ತಾಳು ಸುರುಳಿ ಸುತ್ತಿಕೊಂಡು ಗಡ್ಡೆ ಕೊಳೆಯುತ್ತದೆ. ರೋಗ ಕಂಡ ಮೇಲೆ ಔಷಧಿ ಅಂಗಡಿಗೆ ಓಡುವುದು ರೂಢಿ. ಏಪ್ರಿಲ್‌ನಲ್ಲೇ ಹೇಳಿಕೊಡುವುದು ಬೇರೆಯದೇ: ಹೋದ ವರ್ಷ ಈರುಳ್ಳಿ ಹಾಕಿದ ಹೊಲಕ್ಕೇ ಮತ್ತೆ ಈರುಳ್ಳಿ ಬೇಡ, ನೀರು ಹರಿದು ಹೋಗುವಂತೆ ಏರುಮಡಿ ಮಾಡು, ಬೀಜೋಪಚಾರ ಬಿಡಬೇಡ. ಮೂರೂ ಹೆಚ್ಚು ಖರ್ಚಿಲ್ಲದ ಕೆಲಸಗಳೇ. ಖರ್ಚಿಲ್ಲದ ಮಾತನ್ನು ಒಪ್ಪಿಸುವುದೇ ಕಷ್ಟ ಅನ್ನುತ್ತಾರೆ ಕೃಷಿ ಇಲಾಖೆಯವರು.

ಬಬ್ಬೂರು ಫಾರಂ

ಚಿತ್ರದುರ್ಗದಿಂದ ಬೆಂಗಳೂರು ಹೆದ್ದಾರಿಯಲ್ಲಿ ಸುಮಾರು ನಲವತ್ತು ಕಿಲೋಮೀಟರ್ ಬಂದರೆ ಹಿರಿಯೂರು. ಪೇಟೆಯಲ್ಲಿ ಆಟೋದವರಿಗೆ 'ಬಬ್ಬೂರು ಫಾರಂ' ಅಂದರೆ ಸಾಕು. ಮೈಸೂರು ಸಂಸ್ಥಾನದ ಕಾಲದಿಂದಲೂ ಇದು ಬೇಸಾಯದ ಪ್ರಯೋಗ ನಡೆಯುವ ನೆಲ. ಕೆನಡಾದಿಂದ 1908ರಲ್ಲಿ ಮೈಸೂರಿಗೆ ಬಂದು, 1913ರಲ್ಲಿ ಸಂಸ್ಥಾನದ ಮೊದಲ ಕೃಷಿ ನಿರ್ದೇಶಕರಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಮಲೆನಾಡಿನವರಿಗೆ ಕಲಿಸಿದ್ದು ಇಂದಿಗೂ ನಡೆದುಬಂದಿದೆ. ಮಲೆನಾಡಿನ ತೋಟಕ್ಕೆ ಒಂದು ಪಾಠವಾದರೆ ಬಯಲುಸೀಮೆಯ ಹೊಲಕ್ಕೆ ಇನ್ನೊಂದು ಬೇಕು ಎಂಬ ತಿಳಿವಳಿಕೆ ಆ ಕಾಲದ್ದೇ.

ಈಗ ಈ ಆವರಣ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರಿದೆ. 2012ರಲ್ಲಿ ಹುಟ್ಟಿದ ಈ ವಿಶ್ವವಿದ್ಯಾಲಯಕ್ಕೆ ಕೆಳದಿ ಶಿವಪ್ಪ ನಾಯಕರ ಹೆಸರಿದೆ. ವಲಯ ಸಂಶೋಧನಾ ಕೇಂದ್ರ, ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಇಲ್ಲಿವೆ. ತೋಟಗಾರಿಕೆ ಕಾಲೇಜೂ ಹಿರಿಯೂರಿನಲ್ಲೇ ಇದೆ. ಕರ್ನಾಟಕವನ್ನು ಹತ್ತು ಕೃಷಿ ವಲಯಗಳಾಗಿ ವಿಂಗಡಿಸಿದ್ದಾರೆ. ಅದರಲ್ಲಿ ನಾಲ್ಕನೆಯದು ಮಧ್ಯ ಒಣ ವಲಯ. ವರ್ಷದ ಮಳೆ ಸುಮಾರು 450ರಿಂದ 720 ಮಿಲಿಮೀಟರ್. ಇಲ್ಲಿ ಗೆದ್ದ ತಳಿ ಈ ವಲಯದಲ್ಲಿ ಎಲ್ಲಿಯಾದರೂ ಬದುಕೀತು ಎಂಬ ಲೆಕ್ಕದಲ್ಲಿ ಪ್ರಯೋಗಗಳು ನಡೆಯುತ್ತವೆ.

ಸಂಶೋಧನೆ, ಕಾಲೇಜು, ರೈತರ ತರಬೇತಿ ಮೂರನ್ನೂ ಒಂದೇ ಸಂಸ್ಥೆಯಡಿ ಕಟ್ಟುವ ಪದ್ಧತಿ ಅಮೆರಿಕದ್ದು. ಅಲ್ಲಿ 1914ರ ಕಾಯ್ದೆಯೊಂದು ವಿಶ್ವವಿದ್ಯಾಲಯದ ವಿದ್ಯೆಯನ್ನು ಪ್ರತಿ ಕೌಂಟಿಯ ರೈತರ ಮನೆಬಾಗಿಲಿಗೆ ಕಳಿಸುವ ವ್ಯವಸ್ಥೆ ಮಾಡಿತು. ಅದೇ ಮಾದರಿಯಲ್ಲಿ 1964ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಬಂತು. 1974ರಲ್ಲಿ ಪುದುಚೇರಿಯಲ್ಲಿ ದೇಶದ ಮೊದಲ ಕೃಷಿ ವಿಜ್ಞಾನ ಕೇಂದ್ರ ತೆರೆಯಿತು. ಹಾಳೆಯ ಮೇಲೆ ಇವೆಲ್ಲ ದೊಡ್ಡ ಹೆಸರುಗಳು. ಬಬ್ಬೂರಿನಲ್ಲಿ ನಾನು ನೋಡಿದ ಪಾಠಕ್ಕೆ ಬೇಕಾದದ್ದು ಒಂದು ಸಲಿಕೆ, ಒಂದು ಬಕೆಟ್ಟು, ಒಂದು ಹಳೆಯ ಗೋಣಿಚೀಲ.

ಬೆಳಗಿನ ಹತ್ತು ಗಂಟೆ. ಮರದ ನೆರಳಿನಲ್ಲಿ ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳು, ಅವರ ಹಿಂದೆ ನಿಂತ ಹತ್ತಾರು ಗಂಡಸರು. ಮಣ್ಣಿನ ಮಾದರಿ ತೆಗೆಯುವುದು ಹೇಗೆಂದು ಹೇಳಿಕೊಡುತ್ತಿದ್ದವರು ಮಾತು ಕಡಿಮೆ ಮಾಡಿ ಸಲಿಕೆಯನ್ನು ಒಬ್ಬಾಕೆಯ ಕೈಗೆ ಕೊಟ್ಟರು. ಮೇಲಿನ ಕಸಕಡ್ಡಿ ಸರಿಸಿ ಇಂಗ್ಲಿಷಿನ 'ವಿ' ಅಕ್ಷರದಂತೆ ಅರ್ಧ ಅಡಿ ಆಳ ತೋಡಬೇಕು. ಗುಂಡಿಯ ಮಣ್ಣು ಬೇಡ. ಗುಂಡಿಯ ಗೋಡೆಯಿಂದ ಮೇಲಿನಿಂದ ಕೆಳಗಿನವರೆಗೆ ಒಂದು ಅಂಗುಲ ದಪ್ಪ ಕೆರೆದು ಬಕೆಟ್ಟಿಗೆ ಹಾಕಬೇಕು. ಹಾವು ಹರಿದಂತೆ ಅಂಕುಡೊಂಕಾಗಿ ನಡೆದು ಎಕರೆಗೆ ಎಂಟು ಹತ್ತು ಕಡೆ ಹೀಗೇ.

"ಬದುವಿನ ಹತ್ರ ತಗೀಬೋದಾ ಮೇಡಂ? ಅಲ್ಲಿ ಮಣ್ಣು ಮೆತ್ತಗಿರ್ತದೆ."

"ಬೇಡಮ್ಮ. ಬದು, ತಿಪ್ಪೆ ಜಾಗ, ಮರದ ಬುಡ, ಮೂರೂ ಬೇಡ. ಅಲ್ಲಿ ತಗೊಂಡ್ರೆ ನಿನ್ನ ಹೊಲ ಸಾಹುಕಾರ ಅಂತ ರಿಪೋರ್ಟ್ ಬರ್ತದೆ."

ಆಮೇಲೆ ಬಂತು ಕೈಚಳಕದ ಭಾಗ. ಬಕೆಟ್ಟಿನ ಮಣ್ಣನ್ನೆಲ್ಲ ಗೋಣಿಯ ಮೇಲೆ ಸುರಿದು, ಹೆಂಟೆ ಒಡೆದು, ರೊಟ್ಟಿಯಂತೆ ದುಂಡಗೆ ಹರಡಿದರು. ಬೆರಳಿನಲ್ಲಿ ಎರಡು ಗೆರೆ ಎಳೆದು ನಾಲ್ಕು ಪಾಲು. ಎದುರುಬದುರಿನ ಎರಡು ಪಾಲು ಎತ್ತಿ ಎಸೆದು ಉಳಿದ ಎರಡನ್ನು ಕಲಸಿ ಮತ್ತೆ ಹರಡಿದರು. ಮತ್ತೆ ನಾಲ್ಕು ಪಾಲು, ಮತ್ತೆ ಎರಡು ಆಚೆಗೆ. ಅರ್ಧ ಕೆ.ಜಿ. ಉಳಿಯುವವರೆಗೆ ಹೀಗೇ ನಡೆಯಿತು. ಅದನ್ನು ನೆರಳಲ್ಲಿ ಒಣಗಿಸಿ ಬಟ್ಟೆಯ ಚೀಲಕ್ಕೆ ತುಂಬಿ, ಹೆಸರು, ಸರ್ವೆ ನಂಬರು, ಹಿಂದಿನ ಬೆಳೆ ಬರೆದ ಚೀಟಿ ಒಳಗೊಂದು ಹೊರಗೊಂದು. 2015ರಲ್ಲಿ ಕೇಂದ್ರ ಸರ್ಕಾರ ಮಣ್ಣು ಆರೋಗ್ಯ ಚೀಟಿ ತಂದ ಮೇಲೆ ಚೀಟಿ ಬಹಳ ಮನೆಗಳಲ್ಲಿ ಇದೆ. ಚೀಟಿ ನಿಜ ಹೇಳಬೇಕಾದರೆ ಈ ಅರ್ಧ ಕೆ.ಜಿ. ಸರಿಯಾಗಿ ಬಂದಿರಬೇಕು. ಎಲ್ಲೋ ಒಂದು ಕಡೆ ಬಗೆದು ತಂದ ಮಣ್ಣಿಗೆ ಯಂತ್ರ ಎಷ್ಟು ದೊಡ್ಡದಿದ್ದರೂ ಎಲ್ಲೋ ಒಂದು ಕಡೆಯ ಉತ್ತರವನ್ನೇ ಕೊಡುತ್ತದೆ.

ಎರಡನೆಯ ಪಾಠ ಬೀಜದ್ದು. ಹಿರಿಯೂರು, ಚಳ್ಳಕೆರೆ ಕಡೆ ಶೇಂಗಾ ಅಂದರೆ ಜೀವನ. ಕೇಂದ್ರದ 'ಒಂದು ಜಿಲ್ಲೆ ಒಂದು ಉತ್ಪನ್ನ' ಪಟ್ಟಿಯಲ್ಲಿ ಚಿತ್ರದುರ್ಗಕ್ಕೆ ಬಂದಿರುವುದೂ ಶೇಂಗಾವೇ. ತಮಿಳುನಾಡಿನ ತಿಂಡಿವನದಲ್ಲಿ 1940ರಲ್ಲಿ ಬಿಡುಗಡೆಯಾದ ಟಿಎಂವಿ-2 ತಳಿಯನ್ನು ಇಂದಿಗೂ ಬಿತ್ತುವವರಿದ್ದಾರೆ. ಆಂಧ್ರದ ಕದಿರಿಯಿಂದ ಬಂದ ಹೊಸ ತಳಿಗಳು ಗಡಿ ದಾಟಿ ಬಂದಿವೆ. ತಳಿ ಯಾವುದೇ ಇರಲಿ, ಮೊಳಕೆ ಬಾರದಿದ್ದರೆ ಬೀಜದ ದುಡ್ಡು, ಬಿತ್ತನೆಯ ಕೂಲಿ, ಸಿಕ್ಕ ಹದ ಮೂರೂ ಹೋದವು. ಬಯಲುಸೀಮೆಯಲ್ಲಿ ಹದ ಎರಡನೇ ಸಲ ಸಿಗುತ್ತದೆ ಎಂಬ ನಂಬಿಕೆ ಯಾರಿಗೂ ಇಲ್ಲ.

ಅದಕ್ಕೇ ಗೋಣಿಚೀಲ. ನೂರು ಬೀಜ ಎಣಿಸಿ, ಒದ್ದೆ ಗೋಣಿಯ ಮೇಲೆ ಹತ್ತು ಸಾಲಿನಲ್ಲಿ ಹತ್ತತ್ತು ಜೋಡಿಸಿ, ಸುರುಳಿ ಸುತ್ತಿ ನೆರಳಲ್ಲಿ ಇಡುತ್ತಾರೆ. ದಿನಾ ನೀರು ಚಿಮುಕಿಸಿ ವಾರದೊಳಗೆ ಬಿಚ್ಚಿ ಎಣಿಸುತ್ತಾರೆ. ಪ್ರಮಾಣಿತ ಬೀಜವೆಂದರೆ ಶೇಂಗಾ, ಈರುಳ್ಳಿಗೆ ನೂರಕ್ಕೆ ಎಪ್ಪತ್ತು, ರಾಗಿಗೆ ಎಪ್ಪತ್ತೈದು, ಹೈಬ್ರಿಡ್ ಮೆಕ್ಕೆಜೋಳಕ್ಕೆ ತೊಂಬತ್ತು ಮೊಳೆಯಬೇಕು. ಮೊದಲೇ ಸುತ್ತಿಟ್ಟಿದ್ದ ಒಂದು ಸುರುಳಿಯನ್ನು ಬಿಚ್ಚಿದಾಗ ಎಲ್ಲರೂ ಬಗ್ಗಿ ನೋಡಿದರು. ಎರಡು ಸಾಲು ಪೂರಾ ಬೂಷ್ಟು ಹಿಡಿದಿತ್ತು, ಮಿಕ್ಕ ಸಾಲುಗಳಲ್ಲೂ ಅಲ್ಲಲ್ಲಿ ಖಾಲಿ. ಬೀಜ ತಂದಾತನ ಮುಖ ಸಣ್ಣಗಾಯಿತು.

"ಅಂಗಡಿಯೋರು ಗ್ಯಾರಂಟಿ ಅಂದಿದ್ರು ಸಾರ್."

"ಅಂಗಡಿಯೋರು ಅಂದಿದ್ದಾತು ಅಣ್ಣ, ಬೀಜ ಏನಂತದೆ ನೋಡಾನ ಬಾ. ಎಣಿಸು."

ಎಣಿಸಿದಾಗ ಎಪ್ಪತ್ತು ಮುಟ್ಟಲಿಲ್ಲ. ಅಲ್ಲಿಗೆ ಪಾಠ ಮುಗಿಯಿತು. ವಿವರಿಸುವುದಕ್ಕೆ ಏನೂ ಉಳಿದಿರಲಿಲ್ಲ. ಶೇಂಗಾವನ್ನು ಬಿತ್ತುವ ದಿನ ಹತ್ತಿರ ಬಂದಾಗಲೇ ಒಡೆಯಬೇಕು, ಕೈಯಲ್ಲಿ ಒಡೆದರೆ ಒಳ್ಳೆಯದು, ಕೆಂಪು ಸಿಪ್ಪೆ ಹರಿದ ಬೀಜ ಬಿತ್ತನೆಗಲ್ಲ ಚಟ್ನಿಗೆ ಎಂದು ಒಬ್ಬ ಅಜ್ಜಿಯೇ ಉಳಿದವರಿಗೆ ಹೇಳಿದರು. ಕೆ.ಜಿ.ಗೆ ನಾಲ್ಕು ಗ್ರಾಂ ಟ್ರೈಕೋಡರ್ಮಾ ಸವರುವುದನ್ನು, ಹೂವಾಡಿ ಸೂಜಿ ಇಳಿಯುವ ಹೊತ್ತಿಗೆ ಎಕರೆಗೆ ಎರಡು ಕ್ವಿಂಟಲ್ ಜಿಪ್ಸಂ ಕೊಡುವುದನ್ನು ಕೇಂದ್ರದವರು ಸೇರಿಸಿದರು.

ಈ 'ಅಂಗಡಿಯೋರು' ಬಗ್ಗೆ ಒಂದು ಮಾತು. ಹಳ್ಳಿಯಲ್ಲಿ ನಿಜವಾದ ಕೃಷಿ ಮೇಷ್ಟ್ರು ಗೊಬ್ಬರದ ಅಂಗಡಿಯವರೇ. ಹೋಬಳಿಗೊಂದು ರೈತ ಸಂಪರ್ಕ ಕೇಂದ್ರ ಇದ್ದರೂ ರೋಗ ಹತ್ತಿದ ಎಲೆ ಹಿಡಿದು ರೈತ ಮೊದಲು ಹತ್ತುವುದು ಸಾಲ ಕೊಡುವ ಅಂಗಡಿಯ ಮೆಟ್ಟಿಲು. ಇದನ್ನು ಅರಿತೇ ಹೈದರಾಬಾದಿನ 'ಮ್ಯಾನೇಜ್' ಸಂಸ್ಥೆ 2003ರಲ್ಲಿ ಅಂಗಡಿಯವರಿಗಾಗಿಯೇ ಒಂದು ವರ್ಷದ 'ದೇಸಿ' ಡಿಪ್ಲೊಮಾ ಶುರು ಮಾಡಿತು. ವಾರಕ್ಕೊಂದು ದಿನದಂತೆ 48 ತರಗತಿ, ಅದರಲ್ಲಿ ಎಂಟು ಹೊಲದಲ್ಲಿ. ರೈತನಿಗೆ ಕಲಿಸುವಷ್ಟೇ ಮುಖ್ಯ, ರೈತ ಯಾರನ್ನು ಕೇಳುತ್ತಾನೋ ಅವರಿಗೆ ಕಲಿಸುವುದು.

ಮಾರಿಕಣಿವೆಯ ಕೆಳಗೆ

ಹಿರಿಯೂರಿನಿಂದ ಹೊಸದುರ್ಗದ ದಾರಿಗೆ ಹೊರಳಿದವರು ವಾಣಿವಿಲಾಸ ಸಾಗರ ನೋಡದೆ ಮುಂದೆ ಹೋಗಬಾರದು. ಎರಡು ಗುಡ್ಡಗಳ ನಡುವೆ ವೇದಾವತಿಗೆ ಅಡ್ಡಲಾಗಿ 1898ರಿಂದ 1907ರವರೆಗೆ ಕಟ್ಟಿದ ಅಣೆಕಟ್ಟು. ರಾಜಮಾತೆ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರು ಇದ್ದರೂ ಊರವರ ಬಾಯಲ್ಲಿ ಇದು ಮಾರಿಕಣಿವೆಯೇ. ಪೂರ್ಣಮಟ್ಟ 130 ಅಡಿ, 30 ಟಿಎಂಸಿ ನೀರು. 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ: 89 ವರ್ಷಗಳ ಮೇಲೆ. 2025ರ ಜನವರಿಯಲ್ಲಿ ಮೂರನೆಯ ಸಲ. ಭದ್ರಾ ಮೇಲ್ದಂಡೆಯ ಕಾಲುವೆಯಲ್ಲಿ ಬಂದ ನೀರು ವೇದಾವತಿಗೆ ಸೇರತೊಡಗಿದ ಮೇಲೆ ಲೆಕ್ಕಾಚಾರ ಬದಲಾಗಿದೆ.

ಕತ್ರಿಕೇನಹಳ್ಳಿಯ ಒಡ್ಡಿನಿಂದ ಎಡಬಲ ನಾಲೆಗಳು ಹೊರಡುತ್ತವೆ. ಅವುಗಳ ಕೆಳಗಿನ ತೋಟಗಳಲ್ಲಿ ನಡೆದರೆ ಇತಿಹಾಸ ಮರದಲ್ಲೇ ಓದಬಹುದು. 2016-17ರ ಬರದಲ್ಲಿ ಜಲಾಶಯ ತಳ ಕಂಡಿತ್ತು, ನಾಲೆ ಒಣಗಿತ್ತು, ಬೋರ್‌ವೆಲ್ ಸಾವಿರ ಅಡಿಗೆ ಇಳಿದಿದ್ದವು. ಮೂವತ್ತು ನಲವತ್ತು ವರ್ಷದ ತೆಂಗಿನ ಮರಗಳು ಸುಳಿ ಒಣಗಿ ನಿಂತಲ್ಲೇ ಸತ್ತವು. ಆ ಮರಗಳ ಬೊಡ್ಡೆ ಇನ್ನೂ ಕೆಲವು ತೋಟಗಳಲ್ಲಿವೆ. ಬೊಡ್ಡೆಯ ಪಕ್ಕದಲ್ಲೇ ಹೊಸ ಗುಣಿ, ಹೊಸ ಸಸಿ. ಬಹಳ ಕಡೆ ಆ ಸಸಿ ತೆಂಗಿನದಲ್ಲ, ಅಡಿಕೆಯದು.

ಹೊಸದುರ್ಗ: ಊರೆಲ್ಲ ಸೇರಿ ಬಿಡಬೇಕಾದ ಹುಳ

ಹೊಸದುರ್ಗ ತೆಂಗಿನ ತಾಲ್ಲೂಕು. ಬೇಸಿಗೆ ಏರಿದಂತೆ ಇಲ್ಲಿನ ತೋಟಗಳಲ್ಲಿ ಗರಿಗಳು ಬೆಂಕಿ ತಾಗಿದ ಹಾಗೆ ಕಂದುತ್ತವೆ. ಗರಿಯ ಅಡಿಗೆ ಕೈಯಾಡಿಸಿದರೆ ಬಲೆಯೊಳಗೆ ಕಪ್ಪುತಲೆಯ ಸಣ್ಣ ಹುಳು ಹಸಿರು ಕೆರೆದು ತಿನ್ನುತ್ತಿರುತ್ತದೆ. ಐವತ್ತು ಅಡಿ ಎತ್ತರದ ಮರಕ್ಕೆ ಔಷಧಿ ಹೊಡೆಯುವುದು ಆಗಹೋಗದ ಮಾತು. ಇದಕ್ಕೆ ಇಲಾಖೆಯ ಪರೋಪಜೀವಿ ಪ್ರಯೋಗಾಲಯಗಳಲ್ಲಿ ಸಾಕಿದ ಗೋನಿಯೋಜಸ್ ಎಂಬ ಕಣಜವನ್ನು ಬಿಡುತ್ತಾರೆ. ಇರುವೆಗಿಂತ ತುಸು ಸಣ್ಣದು. ಹುಳುವನ್ನು ಕುಟುಕಿ, ಜಡವಾದ ಅದರ ಮೈಮೇಲೆ ಮೊಟ್ಟೆ ಇಡುತ್ತದೆ. ಮರಿಗಳು ಆ ಹುಳುವನ್ನೇ ತಿಂದು ಬೆಳೆಯುತ್ತವೆ.

ಬಿಡುವುದನ್ನು ಹತ್ತಿರದಿಂದ ನೋಡಿದೆ. ಹತ್ತಿಯ ಬಾಯಿ ಮುಚ್ಚಿದ ಗಾಜಿನ ನಳಿಕೆ, ಒಳಗೆ ಕಪ್ಪು ಚುಕ್ಕೆಗಳ ಹಾಗೆ ಓಡಾಡುವ ಕಣಜಗಳು. ಬಿಸಿಲು ಇಳಿದ ಮೇಲೆ ಮರದ ಬೊಡ್ಡೆಗೆ ನಳಿಕೆ ಒರಗಿಸಿ ಹತ್ತಿ ತೆಗೆದರು. ಒಂದೊಂದೇ ಹೊರಬಂದು ಬೊಡ್ಡೆ ಹಿಡಿದು ಮೇಲಕ್ಕೆ ಹರಿದವು. "ಸೀದಾ ಗರಿಗೇ ಬಿಡಬಾರದಾ?" ಎಂದು ಒಬ್ಬ ಹುಡುಗ ಕೇಳಿದ. ಸುಳಿಯಲ್ಲಿ ಬಲೆ ಹಾಕಿ ಕೂತ ಜೇಡ ಇವನ್ನು ಮೊದಲು ತಿಂದುಬಿಡುತ್ತದೆ. ಬೊಡ್ಡೆಯಿಂದ ಹತ್ತಿದರೆ ತಾನೇ ದಾರಿ ಹುಡುಕಿಕೊಳ್ಳುತ್ತದೆ ಎಂದು ಉತ್ತರ ಬಂತು. ಮರಕ್ಕೆ ಹದಿನೈದು ಇಪ್ಪತ್ತರಂತೆ, ಹದಿನೈದು ದಿನಕ್ಕೊಮ್ಮೆ, ನಾಲ್ಕು ಸಲ ಬಿಡಬೇಕು.

ಆದರೆ ಮುಖ್ಯ ಪಾಠ ನಳಿಕೆಯಲ್ಲಿಲ್ಲ. ಒಬ್ಬನ ತೋಟದಲ್ಲಿ ಬಿಟ್ಟು ಪಕ್ಕದವನದರಲ್ಲಿ ಬಿಡದಿದ್ದರೆ ಹುಳು ಬೇಲಿ ದಾಟಿ ವಾಪಸು ಬರುತ್ತದೆ. ಊರಿನ ತೋಟವೆಲ್ಲ ಒಂದೇ ವಾರದಲ್ಲಿ ಮುಗಿಯಬೇಕು. ಬಿಟ್ಟಮೇಲೆ ಯಾರೂ ಕೀಟನಾಶಕ ಹೊಡೆಯಬಾರದು. ಬೇಸಾಯದಲ್ಲಿ ಒಬ್ಬನೇ ಮಾಡಲಾಗದ ಕೆಲಸಗಳು ಇವೆ ಎಂಬುದನ್ನು ಭಾಷಣಕ್ಕಿಂತ ಚೆನ್ನಾಗಿ ಈ ಹುಳ ಹೇಳುತ್ತದೆ. ಭತ್ತದ ಗದ್ದೆಯ ಕೀಟಗಳ ಬಗ್ಗೆ ಇಂಡೋನೇಷ್ಯಾದಲ್ಲಿ 1989ರಲ್ಲಿ ಹುಟ್ಟಿದ ಕ್ಷೇತ್ರ ಪಾಠಶಾಲೆಯ ಮೂಲವೂ ಇದೇ: ರೈತರು ಗುಂಪಾಗಿ ವಾರವಾರ ಅದೇ ಹೊಲಕ್ಕೆ ಹೋಗಿ, ಕಂಡದ್ದನ್ನು ಬರೆದು, ತಾವೇ ತೀರ್ಮಾನಿಸಬೇಕು. ನಮ್ಮಲ್ಲಿ ಆ ಹೆಸರಿನ ಕಾರ್ಯಕ್ರಮ ಎಷ್ಟೋ ಸಲ ಬ್ಯಾನರು, ಟೀ, ಫೋಟೊದಲ್ಲಿ ಮುಗಿಯುತ್ತದೆ. ನಿಜವಾಗಿ ನಡೆದ ಕಡೆ ಮಾತ್ರ ಫಲ ಗರಿಯಲ್ಲಿ ಕಾಣುತ್ತದೆ.

ಹೊಸದುರ್ಗದ ಇನ್ನೊಂದು ಹೆಮ್ಮೆ ಸಾವೆ. ಮೂರು ತಿಂಗಳಿನೊಳಗೆ ಕೈಗೆ ಬರುವ, ಕಡಿಮೆ ಮಳೆಯನ್ನು ತಡೆದುಕೊಳ್ಳುವ ಕಿರುಧಾನ್ಯ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗುವ ಎಷ್ಟೋ ಮೊದಲಿನಿಂದ ಇಲ್ಲಿನ ಕೆಮ್ಮಣ್ಣು ಇದನ್ನು ಬೆಳೆಯುತ್ತಿದೆ. ಸಿರಿಧಾನ್ಯ ಬೆಳೆದರೆ ಹೆಕ್ಟೇರಿಗೆ 10,000 ರೂಪಾಯಿ ಕೊಡುವ 'ರೈತ ಸಿರಿ' ಯೋಜನೆಯನ್ನು ರಾಜ್ಯ ತಂದಿದ್ದೂ ಆಯಿತು. ಹೆಂಗಸರ ಅನುಭವವೇ ಬೇರೆ. "ಬೆಳೆಯೋಕೆ ಸುಲಭ ಕಣಣ್ಣ, ಅಕ್ಕಿ ಮಾಡೋದ್ರಲ್ಲಿ ಹೆಣ ಬೀಳ್ತದೆ" ಅಂದರು ಒಬ್ಬ ಅಕ್ಕ. ಸಾವೆಯ ಹೊಟ್ಟು ಗಟ್ಟಿ, ಕಾಳು ಸಣ್ಣದು; ಒನಕೆಯಲ್ಲಿ ಕುಟ್ಟಿದ ತಲೆಮಾರಿಗೆ ಅದರ ನೋವು ಗೊತ್ತು. ಹಾಗಾಗಿ ಇಲ್ಲಿ ಸಿರಿಧಾನ್ಯದ ತರಬೇತಿ ಅಂದರೆ ಬಿತ್ತುವ ವಿದ್ಯೆಯಲ್ಲ. ಹೊಟ್ಟು ಬಿಡಿಸುವ ಯಂತ್ರ ನಡೆಸುವುದು, ಕಲ್ಲು ಆರಿಸುವುದು, ಪ್ಯಾಕೆಟ್ ಮಾಡುವುದು. ಬಿತ್ತುವುದನ್ನು ಅವರೇ ಕಲಿಸಬಲ್ಲರು. ಬೇವಿನೆಲೆ, ಲಕ್ಕಿಸೊಪ್ಪು, ಬೂದಿ ಹಾಕಿ ವಾಡೆಯಲ್ಲಿ ಬೀಜ ಕಾಯುವ ವಿದ್ಯೆ ಈ ಮನೆಗಳಲ್ಲೇ ಇರುವುದು.

ಹೊಳಲ್ಕೆರೆ: ರಜದಲ್ಲಿ ನೀರುಣಿಸುವವರು ಯಾರು?

ಹೊಳಲ್ಕೆರೆಗೆ ಬಂದರೆ ಗಾಳಿಯೇ ಸ್ವಲ್ಪ ಬದಲು. ಮಲೆನಾಡಿನ ಸೆರಗು ಇಲ್ಲಿಗೆ ಹತ್ತಿರ. ಬಯಲಿನಲ್ಲೇ ಕುಳಿತ ಗಣಪತಿಯ ಊರಿದು. ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ರಾಘವೇಂದ್ರ ಸ್ವಾಮೀಜಿ ಕಟ್ಟಿದ ಅನಾಥ ಸೇವಾಶ್ರಮವಿದೆ. 'ತಿರುಕ' ಎಂದು ಬರೆಯುತ್ತಿದ್ದ ಅವರು ಯೋಗ, ಆಯುರ್ವೇದ, ಶಾಲೆ ಮೂರನ್ನೂ ಒಂದೇ ಹಳ್ಳಿಯಲ್ಲಿ ಬೆಳೆಸಿ 1996ರಲ್ಲಿ ತೀರಿಕೊಂಡರು. ಗಿಡವನ್ನು ನೋಡಿ ಹೆಸರು ಹೇಳುವುದು, ಮುಟ್ಟಿ ಮೂಸಿ ಗುಣ ಹೇಳುವುದು ಅಲ್ಲಿನ ಆಯುರ್ವೇದ ವಿದ್ಯಾರ್ಥಿಗಳ ಕಲಿಕೆಯ ಭಾಗ.

ಹತ್ತಿರದ ಹಳ್ಳಿಯೊಂದರ ಸರ್ಕಾರಿ ಶಾಲೆಯ ಹಿಂದೆ ಮಕ್ಕಳ ಕೈತೋಟ ನೋಡಿದೆ. ಬಿಸಿಯೂಟದ ಸಾರಿಗೆ ಸೊಪ್ಪು ತರಕಾರಿ ಸಿಗಲಿ, ಮಕ್ಕಳಿಗೆ ಮಣ್ಣಿನ ರೂಢಿಯಾಗಲಿ ಎಂದು ಎಷ್ಟೋ ಶಾಲೆಗಳಲ್ಲಿ ಇಂಥ ತೋಟ ಮಾಡಿಸಿದ್ದಾರೆ. ಇದರ ದೊಡ್ಡ ಶತ್ರು ಹುಳುವಲ್ಲ, ಕ್ಯಾಲೆಂಡರು. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ರಜ. ಬಿಸಿಲು ನೆತ್ತಿಗೇರಿದಾಗಲೇ ನೀರು ಹಾಕುವ ಕೈಗಳು ಅಜ್ಜಿಮನೆಗೆ, ಜಾತ್ರೆಗೆ ಹೋಗಿರುತ್ತವೆ. ಜೂನ್‌ನಲ್ಲಿ ಬಾಗಿಲು ತೆರೆದಾಗ ಬದನೆ, ಟೊಮೆಟೊ ಒಣಕಡ್ಡಿ.

ಈ ಶಾಲೆಯಲ್ಲಿ ಅದಕ್ಕೆ ಉಪಾಯ ಕಂಡುಕೊಂಡಿದ್ದರು. ಬೇಲಿಗುಂಟ ನುಗ್ಗೆ, ಮೂಲೆಗೆ ಕರಿಬೇವು, ಮಕ್ಕಳು ತಟ್ಟೆ ತೊಳೆಯುವ ನಲ್ಲಿಯ ನೀರು ಹೋಗುವ ಕಡೆ ಪಪ್ಪಾಯಿ, ಬಾಳೆ. ಬೇರು ಇಳಿದ ನುಗ್ಗೆ ಒಂದೂವರೆ ತಿಂಗಳ ರಜವನ್ನು ಸಲೀಸಾಗಿ ದಾಟುತ್ತದೆ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ 'ಭಾಗ್ಯ' ತಳಿಯಾದರೆ ಬೇಗ ಕಾಯಿ ಬಿಡುತ್ತದೆ. ಸೊಪ್ಪಿನ ಮಡಿಯನ್ನು ಮಳೆ ಬಿದ್ದ ಮೇಲೆ, ಜೂನ್‌ನಲ್ಲಿ ಹೊಸ ತರಗತಿಯ ಮಕ್ಕಳು ಬಂದು ಮಾಡುತ್ತಾರೆ. ರಜೆಗೆ ಮುಂಚೆ ಅಡಿಕೆ ಹಾಳೆ, ಒಣಹುಲ್ಲು ತಂದು ಪ್ರತಿ ಗಿಡದ ಬುಡಕ್ಕೆ ಹೊದಿಸುವುದು ಏಳನೇ ಕ್ಲಾಸಿನವರ ಪಾಲಿನ ಕೆಲಸ. ಗಿಡಕ್ಕೆ ಏನು ಬೇಕೆನ್ನುವುದಕ್ಕಿಂತ ಮೊದಲು, ನೀರು ಯಾವಾಗ ಇರುವುದಿಲ್ಲ ಎಂದು ಯೋಚಿಸಿ ನೆಟ್ಟ ತೋಟ ಇದು. ಆ ಊರಿನ ದೊಡ್ಡವರ ತೋಟಗಳು ಎಲ್ಲವೂ ಹಾಗೆ ಯೋಚಿಸಿ ನೆಟ್ಟವಲ್ಲ.

ಹೊಳಲ್ಕೆರೆಯಿಂದ ಅಡಿಕೆ ಪೇಟೆಗೆ ಹೆಸರಾದ ಭೀಮಸಮುದ್ರದವರೆಗೆ ದಾರಿಯ ಎರಡೂ ಕಡೆ ಹೊಸ ಅಡಿಕೆ ತೋಟ. ಮೆಕ್ಕೆಜೋಳದ ಹೊಲದ ನಡುವೆ ಮೊಣಕಾಲೆತ್ತರದ ಸಸಿ, ಬಿಸಿಲಿಗೆ ಮರೆಯಾಗಿ ಸೋಗೆ. ಒಂದು ತೋಟದ ಮಾಲೀಕರ ಜೊತೆ ಕೂತು ಲೆಕ್ಕ ಹಾಕಿದೆವು. ಒಂಬತ್ತು ಅಡಿಗೊಂದರಂತೆ ನೆಟ್ಟರೆ ಎಕರೆಗೆ ಸುಮಾರು 550 ಮರ. ಫಸಲಿಗೆ ಬಂದ ಮರಕ್ಕೆ ಬೇಸಿಗೆಯಲ್ಲಿ ಹನಿ ನೀರಾವರಿಯಲ್ಲೂ ದಿನಕ್ಕೆ 16ರಿಂದ 20 ಲೀಟರ್. ಅಂದರೆ ಎಕರೆಗೆ ದಿನವೊಂದಕ್ಕೆ ಹತ್ತು ಸಾವಿರ ಲೀಟರ್. ಡಿಸೆಂಬರಿನಿಂದ ಮೇವರೆಗೆ 150 ದಿನ ಹಿಡಿದರೂ 15 ಲಕ್ಷ ಲೀಟರ್. ಇನ್ನು ಆದಾಯದ ಕಡೆ: ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು ನಾಲ್ಕು ಸಾವಿರ ಲೀಟರ್. ವರ್ಷಕ್ಕೆ 550 ಮಿಲಿಮೀಟರ್ ಬಿದ್ದರೆ 22 ಲಕ್ಷ. ಒಂದು ಹನಿಯೂ ಹರಿಯದೆ, ಆವಿಯಾಗದೆ ಉಳಿಯಿತು ಅಂದುಕೊಂಡರೂ ಮೂರರಲ್ಲಿ ಎರಡು ಪಾಲು ಅಡಿಕೆಯ ಬೇಸಿಗೆಗೇ ಬೇಕು.

"ಕೃಷಿಹೊಂಡ ಇದೆಯಲ್ಲ" ಎಂದರು ಅವರು. 2014ರಿಂದ ಕೃಷಿ ಭಾಗ್ಯದಲ್ಲಿ ತೋಡಿದ ಹೊಂಡಗಳು ಈ ಸೀಮೆಯಲ್ಲಿ ಬಹಳ ಇವೆ. ಹನ್ನೆರಡು ಮೀಟರ್ ಚೌಕ, ಮೂರು ಮೀಟರ್ ಆಳದ ಇಳಿಜಾರು ಹೊಂಡದಲ್ಲಿ ನಿಲ್ಲುವುದು ಎರಡೂವರೆ ಲಕ್ಷ ಲೀಟರ್. ಒಂದೆಕರೆ ಅಡಿಕೆಗೆ ಅದು 25 ದಿನದ ನೀರು. ಅದೇ ಹೊಂಡ ಸಾವೆ, ರಾಗಿ, ಶೇಂಗಾದ ಎಕರೆಗೆ, ತೆನೆ, ಕಾಯಿ ಕಟ್ಟುವಾಗ ಮಳೆ ಕೈಕೊಟ್ಟರೆ ಎರಡು ಸಲ ಅಂಗುಲದಷ್ಟು ನೀರು ಹಾಯಿಸಿ ಬೆಳೆ ಉಳಿಸಿಕೊಡುತ್ತದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಲೆಕ್ಕ ಸರಿ ಇದೆ. ಆದರೆ ರಾಗಿ ಬೆಳೆದು ಮಗಳ ಮದುವೆ ಮಾಡಕ್ಕಾಗಲ್ಲ ಸಾರ್" ಅಂದರು.

ಆ ಮಾತಿಗೆ ಉತ್ತರವಿಲ್ಲದೆ ಯಾವ ತರಬೇತಿಯೂ ನಿಲ್ಲಲಾರದು. ಅಡಿಕೆ ಬೇಡ ಎಂದು ಯಾರು ಹೇಳಿದರೂ ಈ ನೆಲ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಇರುವ ನೀರಿಗೆ ಎಷ್ಟು ಗುಂಟೆ ಅಡಿಕೆ ಸಾಕಬಹುದು, ಮಿಕ್ಕದ್ದಕ್ಕೆ ಏನು ಎಂಬ ಲೆಕ್ಕವನ್ನು ಗುಣಿ ತೋಡುವ ಮುಂಚೆ ಕಲಿಸಬೇಕು. ಮಣ್ಣಿನ ಚೀಟಿಯ ಹಾಗೆ ನೀರಿನ ಚೀಟಿಯೊಂದು ಪ್ರತಿ ರೈತನ ಕೈಯಲ್ಲಿ ಇರಬೇಕು: ಬೋರ್‌ವೆಲ್ ಮೇ ತಿಂಗಳಲ್ಲಿ ಗಂಟೆಗೆ ಎಷ್ಟು ಕೊಡುತ್ತದೆ, ಹೊಂಡದಲ್ಲಿ ಎಷ್ಟು ನಿಲ್ಲುತ್ತದೆ, ಮರಕ್ಕೆ ಎಷ್ಟು ಬೇಕು. ಬಕೆಟ್ಟೊಂದು ತುಂಬಲು ಎಷ್ಟು ಸೆಕೆಂಡು ಹಿಡಿಯಿತು ಎಂದು ನೋಡಿದರೆ ಮೊದಲನೆಯದು ಅಲ್ಲೇ ಸಿಗುತ್ತದೆ. ಬಬ್ಬೂರಿನ ಗೋಣಿಯ ಮೇಲೆ ನೂರು ಬೀಜ ಎಣಿಸಿದವರಿಗೆ ಇದು ಕಷ್ಟದ ಲೆಕ್ಕವಲ್ಲ. ಅಡಿಕೆ ಫಲ ಕೊಡುವುದಕ್ಕೆ ಐದಾರು ವರ್ಷ ಬೇಕು. ಈ ಜಿಲ್ಲೆಯಲ್ಲಿ ಐದಾರು ವರ್ಷ ಬರವೇ ಬಾರದೆ ಕಳೆದದ್ದು ಅಪರೂಪ. ಕೋಡಿ ಬಿದ್ದ ವರ್ಷದ ಧೈರ್ಯದಲ್ಲಿ ನೆಟ್ಟ ಸಸಿ ಕಾಯಿ ಬಿಡುವ ಹೊತ್ತಿಗೆ ಯಾವ ವರ್ಷವಿರುತ್ತದೋ ಎಂಬ ಲೆಕ್ಕವನ್ನು ಈಗ, ನೀರಿರುವಾಗಲೇ ಹಾಕಬೇಕು.

ಹೋಗುವವರಿಗೆ

ಮಾರ್ಚ್ ಕೊನೆಯಿಂದ ಮೇ ಮೂರನೇ ವಾರದವರೆಗೆ ಹೋಗಿ; ಬೆಳಗ್ಗೆ ಏಳರಿಂದ ಹನ್ನೊಂದರೊಳಗೆ ತಿರುಗಾಟ ಮುಗಿಸಿ. ಹಿರಿಯೂರು ಬೆಂಗಳೂರಿನಿಂದ ಸುಮಾರು 160 ಕಿಲೋಮೀಟರ್, ಚಿತ್ರದುರ್ಗ 200, ಬಸ್ಸಿಗೆ ಕೊರತೆಯಿಲ್ಲ. ಹೊಳಲ್ಕೆರೆಗೆ ರೈಲಿನಲ್ಲಿ ಬರುವವರು ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಇಳಿಯಬಹುದು. ಕೃಷಿ ವಿಜ್ಞಾನ ಕೇಂದ್ರದ ತರಬೇತಿಗಳಿಗೆ ರೈತರೇ ಆಗಬೇಕೆಂದಿಲ್ಲ. ಕೈತೋಟ, ಎರೆಗೊಬ್ಬರ, ಸಿರಿಧಾನ್ಯದ ತಿಂಡಿ ಕಲಿಯುವವರೂ ಬರುತ್ತಾರೆ. ಮೊದಲೇ ಫೋನು ಮಾಡಿ ದಿನ ಕೇಳಿಕೊಳ್ಳಿ. ಮಕ್ಕಳಿಗೆ ತೋಟಗಾರಿಕೆ ಕಲಿಸುವ ಮನಸ್ಸಿದ್ದ ರೈತರು ತೋಟಗಾರಿಕೆ ಇಲಾಖೆಯ ಹತ್ತು ತಿಂಗಳ ತರಬೇತಿಗೆ ಇದೇ ತಿಂಗಳುಗಳಲ್ಲಿ ಅರ್ಜಿ ಹಾಕಿಸಬಹುದು. ಊರಲ್ಲಿ ಜಮೀನಿದ್ದು ಪೇಟೆಯಲ್ಲಿ ಇರುವವರು ಬರಿಗೈಯಲ್ಲಿ ಹೋಗಬೇಡಿ. ಹತ್ತು ಕಡೆ ಕೆರೆದು ಕಲಸಿದ ಅರ್ಧ ಕೆ.ಜಿ. ಮಣ್ಣು, ಕಳೆದ ಮೇ ತಿಂಗಳಲ್ಲಿ ಬೋರ್‌ವೆಲ್ ಎಷ್ಟು ನೀರು ಕೊಟ್ಟಿತು ಎಂಬ ಒಂದು ಸಾಲಿನ ಲೆಕ್ಕ, ಇವೆರಡನ್ನೂ ಹಿಡಿದು ಹೋದರೆ ಅಲ್ಲಿನವರು ನಿಮ್ಮ ಹೊಲದ ಮಾತನ್ನೇ ಆಡುತ್ತಾರೆ.